ಗೂಡ್ಸ್ ಆಫೀಸಲ್ಲಿ ಹೇಳಿದ ರೇಟೇ ಬೇರೆ, ಬಿಲ್ಲೇ ಬೇರೆ: ನಷ್ಟ ಯಾರ ತಲೆಗೆ?

ರೈಲಲ್ಲಿ ಮಾಲು ತರಿಸೋ ವ್ಯಾಪಾರಿ ಮೊದಲು ಬಾಡಿಗೆ ವಿಚಾರಿಸ್ತಾನೆ, ಅದನ್ನ ಸೇರಿಸಿ ಗಿರಾಕಿಗೆ ದರ ಹೇಳ್ತಾನೆ. ಆ ಬಾಡಿಗೆಯನ್ನೇ ಸಿಬ್ಬಂದಿ ತಪ್ಪಾಗಿ ಕಮ್ಮಿ ಹೇಳಿದ್ದರೆ? ಲಾಭ ಅಲ್ಲಿಗೇ ಹೋಯ್ತು.

ಬಾಯಿಮಾತು ಬಿಡಿ, ರೈಲ್ವೆ ರಸೀದಿಯಲ್ಲಿ ಬರೆದದ್ದೂ ಕೊನೆ ಮಾತಲ್ಲ. 1989ರ ರೈಲ್ವೆ ಕಾಯ್ದೆಯ 78ನೇ ಸೆಕ್ಷನ್ ಪ್ರಕಾರ, ಡೆಲಿವರಿಗೆ ಮೊದಲು ರೈಲ್ವೆ ಮತ್ತೆ ತೂಕ ಹಾಕಬಹುದು, ಬಾಡಿಗೆ ಮರುಲೆಕ್ಕ ಹಾಕಬಹುದು, ಬಿಟ್ಟುಹೋದ ಹಣ ವಸೂಲಿ ಮಾಡಬಹುದು. ಕಟ್ಟದಿದ್ದರೆ 83ನೇ ಸೆಕ್ಷನ್ ಅಡಿ ಮಾಲನ್ನೇ ತಡೆಹಿಡಿಯಬಹುದು.

ಅಮೆರಿಕದಲ್ಲೂ ಇದೇ ಕತೆ. ಟೆಕ್ಸಾಸ್‌ನ ಕಲ್ಲಿದ್ದಲು ವ್ಯಾಪಾರಿಗಳಿಗೆ ರೈಲ್ವೆ ಕಂಪನಿ ಕಮ್ಮಿ ರೇಟು ಹೇಳಿ, ಆಮೇಲೆ ಪೂರ್ತಿ ವಸೂಲಿ ಮಾಡಿತ್ತು. 1906ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಕಂಪನಿ ಪರವೇ ನಿಂತಿತು. 1910ರಲ್ಲಿ ಹೊಸ ಕಾನೂನು ಬಂತು: ಲಿಖಿತವಾಗಿ ಕೇಳಿದಾಗ ತಪ್ಪು ರೇಟು ಕೊಟ್ಟು ನಷ್ಟ ಮಾಡಿದರೆ 250 ಡಾಲರ್ ದಂಡ. ಅದೂ ಸರ್ಕಾರಕ್ಕೆ, ವ್ಯಾಪಾರಿಗಲ್ಲ!

ಇದಕ್ಕೆ ಕೊಡೋ ಕಾರಣ ಇಷ್ಟೇ: 'ತಪ್ಪಾಗಿ ಹೇಳಿದ್ವಿ' ಅನ್ನೋ ನೆಪದಲ್ಲಿ ಬೇಕಾದವರಿಗೆ ರಿಯಾಯಿತಿ ಸಿಗಬಾರದು, ಎಲ್ಲರಿಗೂ ಒಂದೇ ರೇಟು ಇರಬೇಕು. ಸರಿ. ಆದರೆ ತಪ್ಪು ಒಬ್ಬರದು, ದಂಡ ಇನ್ನೊಬ್ಬರಿಗೆ ಅಂದ್ರೆ ಹೇಗೆ?

ಸದ್ಯ ನಮ್ಮ ಕೈಲಿರೋದು ಎರಡು. ಒಂದು, 61ನೇ ಸೆಕ್ಷನ್ ಪ್ರಕಾರ ಸರಕು ಬುಕ್ ಮಾಡೋ ಸ್ಟೇಷನ್ನಲ್ಲಿ ದರಪುಸ್ತಕ ಇರಲೇಬೇಕು, ಯಾರು ಕೇಳಿದರೂ ಪುಕ್ಕಟೆ ತೋರಿಸಬೇಕು. ಬುಕಿಂಗ್‌ಗೆ ಮುಂಚೆ ಕೇಳಿ ನೋಡಿ. ಎರಡು, ನಿಗದಿಗಿಂತ ಜಾಸ್ತಿ ವಸೂಲಿ ಮಾಡಿದ್ದರೆ 106ನೇ ಸೆಕ್ಷನ್ ಅಡಿ ಆರು ತಿಂಗಳೊಳಗೆ ನೋಟಿಸ್ ಕೊಡಿ. ಹಣ ಕಟ್ಟಿದ ದಿನ, ಡೆಲಿವರಿ ದಿನ, ಇದರಲ್ಲಿ ಯಾವುದು ಆಮೇಲಿನದೋ ಅಲ್ಲಿಂದ ಲೆಕ್ಕ. ಗಡುವು ದಾಟಿದರೆ ದುಡ್ಡು ವಾಪಸ್ ಇಲ್ಲ.