ಫಲವತ್ತತೆ ತಪಾಸಣೆಗೆ ಸ್ಪಷ್ಟ ನಿಯಮ ಕೋರಿ ಮನವಿ ಪತ್ರ

ಇವರಿಗೆ,
ಆಯುಕ್ತರು,
ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸೇವೆಗಳು,
ಕರ್ನಾಟಕ ಸರ್ಕಾರ, ಬೆಂಗಳೂರು

ಇವರಿಂದ,
ಫಲವತ್ತತೆ ತಪಾಸಣೆಗೆ ಒಳಗಾದ ಮಹಿಳೆಯರು ಮತ್ತು ಕುಟುಂಬದವರು

ಮಾನ್ಯರೇ,

ವಿಷಯ: ಮಹಿಳೆಯರ ಹಾರ್ಮೋನ್ ಪರೀಕ್ಷೆಗಳಿಗೆ ಮಾರ್ಗಸೂಚಿ ಹೊರಡಿಸುವ ಕುರಿತು.

ಮದುವೆಯಾಗಿ ವರ್ಷ ಕಳೆದರೂ ಮಗುವಾಗದಿದ್ದರೆ ಮೊದಲು ಲ್ಯಾಬಿನ ಮೆಟ್ಟಿಲು ಹತ್ತುವವಳು ಸೊಸೆ. ಎಎಂಎಚ್ (ಆಂಟಿ-ಮುಲೇರಿಯನ್ ಹಾರ್ಮೋನ್) ಕಡಿಮೆ ಬಂದರೆ ಅವಳಿಗೆ ಬಂಜೆಯೆಂಬ ಹೆಸರು ಅಂಟುತ್ತದೆ. ಆದರೆ ಎಎಂಎಚ್ ತಿಳಿಸುವುದು ಅಂಡಾಶಯದಲ್ಲಿ ಉಳಿದ ಅಂಡಗಳ ಅಂದಾಜನ್ನು ಮಾತ್ರ. ಐವಿಎಫ್ (ಪ್ರನಾಳ ಶಿಶು) ಚಿಕಿತ್ಸೆಯಲ್ಲಿ ಔಷಧದ ಪ್ರಮಾಣ ನಿರ್ಧರಿಸಲು ಅದು ನೆರವಾಗುತ್ತದೆ. ಸಹಜವಾಗಿ ಗರ್ಭ ನಿಲ್ಲುವುದೋ ಇಲ್ಲವೋ ಎಂದು ಹೇಳಲಾರದು. ಬಂಜೆತನದ ಹಿನ್ನೆಲೆಯಿಲ್ಲದ 30ರಿಂದ 44 ವಯಸ್ಸಿನ ಮಹಿಳೆಯರ ಬಗ್ಗೆ 2017ರಲ್ಲಿ ‘ಜಾಮಾ’ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನವೂ ಇದನ್ನೇ ತೋರಿಸಿತು: ಎಎಂಎಚ್ ಕಡಿಮೆಯಿದ್ದವರ ಗರ್ಭಧಾರಣೆಯ ಸಾಧ್ಯತೆ ಉಳಿದವರಿಗಿಂತ ಕುಗ್ಗಿರಲಿಲ್ಲ.

ಪರೀಕ್ಷೆಗೆ ರಕ್ತ ಕೊಡುವ ದಿನವೂ ಅಷ್ಟೇ ಮುಖ್ಯ. ಎಫ್‌ಎಸ್‌ಎಚ್ (ಅಂಡಕೋಶಗಳ ಬೆಳವಣಿಗೆಯನ್ನು ಪ್ರಚೋದಿಸುವ ಹಾರ್ಮೋನ್) ಪರೀಕ್ಷೆ ಮುಟ್ಟಿನ 2ರಿಂದ 4ನೇ ದಿನದೊಳಗೆ ಆಗಬೇಕು. ಪ್ರೊಜೆಸ್ಟರಾನ್ ಪರೀಕ್ಷೆ ಮುಂದಿನ ಮುಟ್ಟಿಗೆ ಸುಮಾರು ಒಂದು ವಾರ ಮೊದಲು ಆಗಬೇಕು. 28 ದಿನಕ್ಕೆ ಮುಟ್ಟಾಗುವವರಿಗೆ 21ನೇ ದಿನ ಸರಿ. 35 ದಿನಕ್ಕೆ ಮುಟ್ಟಾಗುವವರಿಗೆ 28ನೇ ದಿನ. ಇದನ್ನು ವಿಚಾರಿಸದೆ ರಕ್ತ ತೆಗೆದರೆ, ಆರೋಗ್ಯವಂತ ಮಹಿಳೆಗೂ ಅಂಡೋತ್ಪತ್ತಿ ಇಲ್ಲವೆಂಬ ತಪ್ಪು ತೀರ್ಮಾನ ಸಿಗಬಹುದು. ಸೇವಿಸುವ ಮಾತ್ರೆಗಳೂ ಫಲಿತಾಂಶವನ್ನು ಬದಲಿಸಬಲ್ಲವು: ಗರ್ಭನಿರೋಧಕ ಮಾತ್ರೆ ಎಎಂಎಚ್ ಮಟ್ಟವನ್ನು ತಗ್ಗಿಸಬಲ್ಲದು. ಕೂದಲಿಗೆಂದು ನುಂಗುವ ಬಯೋಟಿನ್ ಕೆಲವು ಪರೀಕ್ಷಾ ವಿಧಾನಗಳ ಫಲಿತಾಂಶವನ್ನೇ ಏರುಪೇರು ಮಾಡಬಲ್ಲದು.

ಆದ್ದರಿಂದ ನಮ್ಮ ಬೇಡಿಕೆಗಳು:

1. ಒಂದು ವರ್ಷ ಪ್ರಯತ್ನಿಸಿದ ಬಳಿಕ, 35 ವರ್ಷ ದಾಟಿದ ಮಹಿಳೆಯರಿಗೆ ಆರು ತಿಂಗಳ ಬಳಿಕ, ಮುಟ್ಟು ಏರುಪೇರಾಗಿದ್ದರೆ ಕಾಯದೆಯೇ ತಪಾಸಣೆ ಆರಂಭಿಸಬೇಕೆಂದು ಮಾರ್ಗಸೂಚಿ ಹೊರಡಿಸಬೇಕು.

2. ಗಂಡನ ವೀರ್ಯ ಪರೀಕ್ಷೆ ಹೆಂಡತಿಯ ಪರೀಕ್ಷೆಯ ಜೊತೆಗೇ ನಡೆಯಬೇಕು. ದೋಷ ಇಬ್ಬರಲ್ಲೂ ಇರಬಹುದು. ತಪಾಸಣೆಯ ಹೊರೆ ಒಬ್ಬಳ ಮೇಲೆಯೇ ಬೀಳಬಾರದು.

3. ಮುಟ್ಟಿನ ದಿನ, ಚಕ್ರದ ಅವಧಿ, ಸೇವಿಸುತ್ತಿರುವ ಮಾತ್ರೆಗಳು ಇವಿಷ್ಟೂ ಲ್ಯಾಬ್ ವರದಿಯಲ್ಲಿ ಕಡ್ಡಾಯವಾಗಿ ದಾಖಲಾಗಬೇಕು.

4. ಎಎಂಎಚ್ ವರದಿಯ ಮಿತಿಯನ್ನು ತಿಳಿಸುವ ಕನ್ನಡ ಟಿಪ್ಪಣಿ ಅದರ ಜೊತೆಗಿರಬೇಕು. ಭಯ ಹುಟ್ಟಿಸಿ ಪರೀಕ್ಷಾ ಪ್ಯಾಕೇಜು ಮಾರುವ ಜಾಹೀರಾತುಗಳಿಗೆ ಕಡಿವಾಣ ಬೀಳಬೇಕು.

5. ಜಿಲ್ಲಾ ಆಸ್ಪತ್ರೆಗಳಲ್ಲಿ ಥೈರಾಯ್ಡ್, ಪ್ರೊಲ್ಯಾಕ್ಟಿನ್ ಮೊದಲಾದ ಮೂಲ ಪರೀಕ್ಷೆಗಳು ಮತ್ತು ಆಪ್ತಸಮಾಲೋಚನೆ ಉಚಿತವಾಗಿ ಸಿಗಬೇಕು.

6. ಖಾಸಗಿ ಲ್ಯಾಬುಗಳು ಪರೀಕ್ಷೆಗಳ ದರಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಕನ್ನಡದಲ್ಲಿ ಹಾಕಬೇಕು.

ತಜ್ಞರ ಸಮಿತಿಯೊಂದನ್ನು ರಚಿಸಿ, ಅದರಲ್ಲಿ ತಪಾಸಣೆಗೆ ಒಳಗಾದ ಮಹಿಳೆಯರಿಗೂ ಸ್ಥಾನ ಕೊಟ್ಟು ಈ ಮಾರ್ಗಸೂಚಿಯನ್ನು ರೂಪಿಸಬೇಕೆಂದೂ, ಕೈಗೊಂಡ ಕ್ರಮವನ್ನು ಲಿಖಿತವಾಗಿ ತಿಳಿಸಬೇಕೆಂದೂ ವಿನಂತಿಸುತ್ತೇವೆ.


ತಮ್ಮ ವಿಶ್ವಾಸಿಗಳು
(ಸಹಿಗಳು)