ನೋಟಕ್ಕೆ ಬೇಡವಾದ ನೀರು

ಚಂಪೂಕಾವ್ಯಗಳನ್ನು ಓದತೊಡಗಿದ ವಿದ್ಯಾರ್ಥಿಗೆ ಅಷ್ಟಾದಶವರ್ಣನೆಗಳ ಪರಿಚಯ ಬಹುಬೇಗ ಆಗುತ್ತದೆ. ಸಮುದ್ರ, ಪರ್ವತ, ಪುರ, ಋತು, ವನವಿಹಾರ, ಜಲಕ್ರೀಡೆ ಎಲ್ಲಕ್ಕೂ ಅಲ್ಲಿ ಸ್ಥಾನವುಂಟು. ಜಲಕ್ರೀಡೆ ಮುಗಿದ ಮೇಲೆ ಆ ನೀರು ಎಲ್ಲಿಗೆ ಹರಿಯಿತೆಂಬ ಮಾತಿಗೆ ಮಾತ್ರ ಸ್ಥಾನವಿಲ್ಲ. ಕವಿಗಳನ್ನು ಇದಕ್ಕಾಗಿ ದೂರಬೇಕಿಲ್ಲ. ಅಂದಿನ ಪುರಗಳಿಗೆ ಆ ಪ್ರಶ್ನೆ ಎದುರಾಗಿರಲಿಲ್ಲ. ಇಂದಿನ ಊರುಗಳಿಗೆ ಎದುರಾಗಿದೆ.

ತಮಿಳುನಾಡಿನ ತೇನಿ ಜಿಲ್ಲೆಯ ಕಂಬಂ ಕಣಿವೆಯಲ್ಲಿ ಮನೆಯೊಳಗೆ ಕನ್ನಡವನ್ನೂ ಶಾಲೆಯಲ್ಲಿ ತಮಿಳನ್ನೂ ಆಡುವ ಒಕ್ಕಲು ಕುಟುಂಬಗಳು ತಲೆಮಾರುಗಳಿಂದ ಬದುಕುತ್ತಿವೆ. 1895ರಲ್ಲಿ ಮುಲ್ಲಪೆರಿಯಾರ್ ಅಣೆಕಟ್ಟು ಪೂರ್ಣಗೊಂಡು ಪಡುವಣಕ್ಕೆ ಹರಿಯುತ್ತಿದ್ದ ನೀರು ಇತ್ತ ತಿರುಗಿದ ಮೇಲೆ ಕಣಿವೆಗೆ ಇಂದಿನ ಹಸುರು ಬಂದಿತು: ಗದ್ದೆ, ತೆಂಗು, ದ್ರಾಕ್ಷಿಯ ಚಪ್ಪರ, ಹಿಂದೆ ಸಹ್ಯಾದ್ರಿಯ ಸಾಲು. ಇಂಥ ನೋಟದ ನಡುವೆ ಕಾಂಕ್ರೀಟಿನ ದುಂಡು ತೊಟ್ಟಿಗಳು, ಮುಳ್ಳುತಂತಿಯ ಬೇಲಿ, ಕೆಸರು ಒಣಗಿಸುವ ಕಪ್ಪು ಮಡಿಗಳು ಎದ್ದು ನಿಲ್ಲುವುದನ್ನು ಯಾವ ರೈತನೂ ಬಯಸಲಾರ. ಊರಿನ ಅಂದ ಕೆಡುತ್ತದೆ ಎಂಬ ಆಕ್ಷೇಪ ಹುಸಿಯಲ್ಲ. ಪಟ್ಟಣದ ಹೊಲಸಿಗೆ ಹಳ್ಳಿಯ ಎಲ್ಲೆಯೇ ಏಕೆ ಬೇಕೆಂಬ ನ್ಯಾಯದ ಪ್ರಶ್ನೆಯೂ ಅದರೊಳಗಿದೆ.

ಆದರೆ ಕಣ್ಣೊಂದನ್ನೇ ನಂಬಿದರೆ ಏನಾಗುತ್ತದೆಂಬುದನ್ನು ನೆರೆಯ ದಿಂಡಿಗಲ್ ತೋರಿಸಿದೆ. ತಂಗಡಿ ತೊಗಟೆಯಿಂದ ಚರ್ಮ ಹದಮಾಡುತ್ತಿದ್ದ ಕಾಲ ಹೋಗಿ ಕ್ರೋಮಿಯಂ ಬಂದಿತು. ಹಸಿ ಚರ್ಮ ಕೆಡದಂತೆ ಬಳಿದ ಉಪ್ಪಂತೂ ಎರಡು ಕಾಲದಲ್ಲೂ ಇದ್ದುದೇ. ಆ ಉಪ್ಪು ತೊಳೆದ ನೀರು ನೆಲಕ್ಕಿಳಿಯಿತು. 1996ರ ಆಗಸ್ಟ್ 28ರಂದು ಸುಪ್ರೀಂ ಕೋರ್ಟು ನೀಡಿದ, ವೆಲ್ಲೂರಿನ ಹೆಸರಿನಿಂದ ಪ್ರಸಿದ್ಧವಾದ ತೀರ್ಪಿನಲ್ಲಿ ದಿಂಡಿಗಲ್, ರೆಡ್ಡಿಯಾರ್‌ಛತ್ರಂ ಭಾಗದ 13 ಹಳ್ಳಿಗಳ ಸಮೀಕ್ಷೆಯೊಂದು ಉಲ್ಲೇಖಗೊಂಡಿದೆ: 467 ಬಾವಿಗಳಲ್ಲಿ 350 ಕೆಟ್ಟಿದ್ದವು. ಐದು ಜಿಲ್ಲೆಗಳ ಪ್ರತಿ ಟ್ಯಾನರಿಗೂ ಕೋರ್ಟು ಹತ್ತು ಸಾವಿರ ರೂಪಾಯಿ ದಂಡ ವಿಧಿಸಿತು, ಶುದ್ಧೀಕರಣದ ವ್ಯವಸ್ಥೆಯಿಲ್ಲದೆ ನಡೆಸಕೂಡದೆಂದಿತು. ಒಂದು ಬಾವಿಯನ್ನು ಮತ್ತೆ ಸಿಹಿಮಾಡಲು ಈ ಹತ್ತು ಸಾವಿರ ಸಾಕೇ ಎಂಬುದು ಬೇರೆ ಮಾತು.

ಗಮನಿಸಬೇಕಾದ್ದು ಇಷ್ಟು. ಆ 350 ಬಾವಿಗಳ ಮೇಲಿನ ಹೊಲ, ಹುಣಿಸೆಮರ, ದೂರದ ಬೆಟ್ಟ ಯಾವುದೂ ಸ್ಥಾನ ಬಿಟ್ಟು ಕದಲಿರಲಿಲ್ಲ. ಕರಗಿದ ಉಪ್ಪು ಕಣ್ಣಿಗೆ ಬೀಳುವುದಿಲ್ಲ, ನಾಲಗೆಗೆ ತಾಗುತ್ತದೆ. ಸಾಮಾನ್ಯ ಶುದ್ಧೀಕರಣ ಘಟಕ ಕೂಡ ಬಣ್ಣವನ್ನೂ ನಾತವನ್ನೂ ತೆಗೆಯಬಲ್ಲದು, ಕರಗಿದ ಉಪ್ಪನ್ನು ತೆಗೆಯಲಾರದು. ಕುರಿಂಜಿ, ಮುಲ್ಲೈ ನೆಲಗಳು ಬೇಗೆಯಿಂದ ತಮ್ಮ ಸ್ವಭಾವ ಕಳೆದುಕೊಂಡಾಗ ಪಾಲೈ ಆಗುತ್ತವೆ ಎಂದು ಶಿಲಪ್ಪದಿಕಾರ ಬಗೆಯುತ್ತದೆ. ಅದರ ನಾಯಕಿ ಕಣ್ಣಗಿಯ ಗುಡಿ ಇರುವುದು ಕಂಬಂ ಕಣಿವೆಯ ಮೇಲಣ ಬೆಟ್ಟದಲ್ಲೇ. ಬಿಸಿಲಿಲ್ಲದೆ, ನೋಟವೂ ಕೆಡದೆ, ಅಡಿಯಿಂದ ಹುಟ್ಟುವ ಪಾಲೈಯೊಂದು ಸಂಗಮ ಕವಿಗಳ ಊಹೆಗೆ ನಿಲುಕಿರಲಾರದು.

ಕೋಲಾರದ ಕಥೆ ಇದರ ಮಗ್ಗುಲಿನದು. 2018ರ ಜೂನಿನಲ್ಲಿ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿತ ನೀರು ಲಕ್ಷ್ಮೀಸಾಗರ ಕೆರೆಗೆ ಬಂದಾಗ ಬಿರುಕುಬಿಟ್ಟ ಅಂಗಳ ಕನ್ನಡಿಯಾಯಿತು. ಕೊಳವೆಬಾವಿಗೆ ಸೋತ ಜನ ಹಿಗ್ಗಿದರು. ಕೆಲವೇ ವಾರಗಳಲ್ಲಿ ನೊರೆ ಕಂಡಿತು, ಮೂರನೆಯ ಹಂತದ ಶುದ್ಧೀಕರಣ ಬೇಕೆಂಬ ಕೂಗೆದ್ದಿತು. ತುಂಬಿದ ಕೆರೆಯ ಚೆಲುವು ಆ ಕೂಗನ್ನು ಮರೆಸಬಾರದಷ್ಟೆ.

ಮರಾಠಿಯಲ್ಲಿ ಇಂಥ ನೀರಿಗೆ ‘ಸಾಂಡಪಾಣಿ’ ಎನ್ನುತ್ತಾರೆ, ಚೆಲ್ಲಿದ ನೀರು ಎಂದು. ಕನ್ನಡದ ‘ಬಚ್ಚಲು ನೀರು’ ಚೆಲ್ಲಿಹೋಗುವಂಥದಲ್ಲ. ಅದು ಹಿತ್ತಲಿನ ಬಾಳೆಯ ಬುಡಕ್ಕೆ, ಕೆಸುವಿನ ಮಡಿಗೆ ಹೋಗುತ್ತಿತ್ತು. ಮನೆಯ ಹೊಲಸು ಮನೆಯವರ ಕಣ್ಣೆದುರಿಗೇ ಇರುತ್ತಿತ್ತು. ಪಟ್ಟಣ ಮುರಿದದ್ದು ಈ ನೆರೆಹೊರೆಯನ್ನು. ಕಂಬಂ, ಚಿನ್ನಮನೂರು, ತೇನಿ ಬೆಳೆದಂತೆಲ್ಲ ಅವುಗಳ ಬಚ್ಚಲಿಗೂ ಘಟಕ ಬೇಕೇ ಬೇಕು. ಬಂದಾಗ ಅದನ್ನು ಗಾಳಿಮರಗಳ ಸಾಲಿನ ಹಿಂದೆ ಬಚ್ಚಿಡುವ ಸಲಹೆ ಖಂಡಿತ ಬರುತ್ತದೆ. ಹಳ್ಳಿಗರು ಅದಕ್ಕೆ ಒಪ್ಪದಿರುವುದು ಲೇಸು. ಹೊಲಸು ಮಾಡಿದ ಪಟ್ಟಣದ ಪಕ್ಕದಲ್ಲೇ, ದಾರಿಹೋಕರಿಗೆ ಕಾಣುವಂತೆ ಅದು ನಿಲ್ಲಲಿ. ಬೇಲಿ ಎದೆಮಟ್ಟಕ್ಕಿರಲಿ. ಹೊರಬರುವ ನೀರಿನಲ್ಲಿ ಅಂದು ಎಷ್ಟು ಉಪ್ಪಿತ್ತೆಂದು ಬಾಗಿಲ ಬಳಿಯ ಹಲಗೆಯ ಮೇಲೆ ದಿನವೂ ಸುಣ್ಣದ ಅಕ್ಷರದಲ್ಲಿ ಬರೆಯಲಿ, ಬಾವಿಗೆ ಹೋಗುವ ಹೆಣ್ಣುಮಗಳು ಓದಬಲ್ಲಷ್ಟು ದೊಡ್ಡದಾಗಿ.