ಮೀಟರ್ ಬೋರ್ಡಿನ ಮಂಕು ದೀಪ: ತಾತ್ಸಾರ ಬೇಡ

ಮಾರುತಿ 800 ಕಾರಿನ ತಯಾರಿ ನಿಂತದ್ದು 2014ರ ಜನವರಿಯಲ್ಲಿ. ಆದರೂ ಕಾಸರಗೋಡಿನ ಒಳನಾಡಿನಲ್ಲಿ ಆ ಗಾಡಿಗಳು ಇಂದಿಗೂ ಓಡುತ್ತಿವೆ. ಎಂಜಿನ್ ಆಯಿಲು, ಟಯರು, ಬ್ರೇಕು ಎಲ್ಲವನ್ನೂ ನೋಡಿಕೊಳ್ಳುವವರು ಮೀಟರ್ ಬೋರ್ಡಿನ ಬೆಳಕನ್ನು ಮಾತ್ರ ಕೇಳುವುದಿಲ್ಲ. ಕೇಳಿದರೂ ಸಿಗುವ ಉತ್ತರ ಒಂದೇ: 'ಹಳೇ ಗಾಡಿಯಲ್ವಾ ಮಾರಾಯ್ರೆ, ಅಷ್ಟೇ ಬರುವುದು!'

ಈ ಮಾತನ್ನು ಒಪ್ಪಬೇಕಾಗಿಲ್ಲ. ರಾತ್ರಿ ಹೊತ್ತು ಮನೆಯಲ್ಲಿ ಯಾರಿಗಾದರೂ ಹುಷಾರು ತಪ್ಪಿದರೆ ಇಲ್ಲಿನ ಅನೇಕರು ಓಡುವುದು ಮಂಗಳೂರಿಗೆ. ತಲಪಾಡಿ ದಾಟುವ ಗಡಿಬಿಡಿಯಲ್ಲಿ ಎಂಜಿನ್ ಬಿಸಿಯ ಮುಳ್ಳು ಮೇಲೇರಿದ್ದು ಕಾಣದಿದ್ದರೆ ಗಾಡಿ ನಡುದಾರಿಯಲ್ಲಿ ನಿಂತೀತು. ಹೈಬೀಮ್ ತೋರಿಸುವ ನೀಲಿ ದೀಪ ಸತ್ತಿದ್ದರೆ ಲೈಟ್ ಡಿಮ್ ಮಾಡಲು ನೆನಪಾಗದೆ, ಕಿರಿದಾದ ತಿರುವಿನಲ್ಲಿ ಎದುರಿನವನ ಕಣ್ಣು ಕುಕ್ಕುತ್ತದೆ. ಆಗ ಅಪಾಯ ನಮ್ಮೊಬ್ಬರಿಗೇ ಅಲ್ಲ.

ಬೆಳಕು ಕುಂದಲು ಕಾರಣ ವಯಸ್ಸಲ್ಲ. ಬಲ್ಬಿನೊಳಗಿನ ಟಂಗ್‌ಸ್ಟನ್ ತಂತಿ ಕಾದು ಕಾದು ಸವೆದು, ಅದರ ಕಣ ಗಾಜಿಗೆ ಅಂಟಿ ಗಾಜು ಕಪ್ಪಾಗುತ್ತದೆ. ನಮ್ಮ ಮಳೆಗಾಲದ ತೇವಕ್ಕೆ ಬಲ್ಬ್ ಹೋಲ್ಡರಿಗೂ ಅರ್ತ್ ವಯರಿಗೂ ಕಿಲುಬು ಹಿಡಿಯುತ್ತದೆ. ಬಲ್ಬಿಗೆ ಸಿಗುವ ವೋಲ್ಟೇಜ್ ಶೇ. 10ರಷ್ಟು ಕಡಿಮೆಯಾದರೆ ಸಾಕು, ಬೆಳಕು ಸುಮಾರು ಶೇ. 30ರಷ್ಟು ಇಳಿಯುತ್ತದೆ. ಡಿಮ್ಮರ್ ಇರುವ ಕಾರುಗಳಲ್ಲಿ ಅದರೊಳಗಿನ ಕೊಳೆಯೂ ಕಾರಣವಾಗಬಹುದು.

ಹಾಗಾಗಿ ಮದ್ದೂ ಸುಲಭ. ಬ್ಯಾಟರಿಯ ನೆಗೆಟಿವ್ ವಯರ್ ಕಳಚಿ, ಸ್ಪೀಡೋ ಕೇಬಲ್ ಬಿಡಿಸಿ ಮೀಟರ್ ಹೊರತೆಗೆಯಬೇಕು. ಹೋಲ್ಡರ್, ಅರ್ತ್ ಎರಡನ್ನೂ ಉಜ್ಜಿ ಸ್ವಚ್ಛ ಮಾಡಿ, ಕಪ್ಪಾದ ಬಲ್ಬುಗಳನ್ನೆಲ್ಲ ಒಟ್ಟಿಗೇ ಬದಲಿಸಬೇಕು. ಒಂದೊಂದೇ ಹಾಕಿದರೆ ಬೆಳಕು ಒಂದು ಕಡೆ ಜಾಸ್ತಿ, ಒಂದು ಕಡೆ ಕಮ್ಮಿ. ಒಳಗಿನ ಧೂಳನ್ನು ಮೆತ್ತನೆ ಬಟ್ಟೆಯಲ್ಲಿ ಒರೆಸಬೇಕು, ಮುಳ್ಳು ಮುಟ್ಟಬಾರದು. ಹಿಂದಿರುವ ತೆಳು ಪ್ರಿಂಟೆಡ್ ಹಾಳೆ ಹರಿಯದಂತೆ ಎಚ್ಚರ ಬೇಕು. ಕೈ ಪಳಗದವರು ಎಲೆಕ್ಟ್ರಿಶಿಯನ್‌ಗೇ ಬಿಡುವುದು ಒಳ್ಳೆಯದು.

ಹೆಚ್ಚು ವ್ಯಾಟಿನ ಬಲ್ಬು ಹಾಕಿಸುವ ಉಪಾಯ ಮಾತ್ರ ಬೇಡವೇ ಬೇಡ. ಅದರ ಬಿಸಿಗೆ ಪ್ಲಾಸ್ಟಿಕ್ ಕರಗುತ್ತದೆ. ಎಲ್‌ಇಡಿ ಹಾಕಬಹುದು, ಆದರೆ ತಿರುಗಾಮುರುಗ ಕೂರಿಸಿದರೆ ಉರಿಯುವುದಿಲ್ಲ. ಕಣ್ಣು ಕುಕ್ಕುವ ನೀಲಿ ಬೆಳಕೂ ಬೇಡ. ಮೀಟರ್ ಚಂದ ಕಂಡು ರಸ್ತೆಯೇ ಕಾಣದಿದ್ದರೆ ಏನು ಪ್ರಯೋಜನ? ಬ್ಯಾಟರಿ ಚಿಹ್ನೆಯ ಕೆಂಪು ದೀಪಕ್ಕಂತೂ ಎಲ್‌ಇಡಿ ಹಾಕಿಸಲೇಬೇಡಿ. ಹಲವು ಹಳೆ ಕಾರುಗಳಲ್ಲಿ ಅಲ್ಟರ್ನೇಟರ್ ಚಾರ್ಜು ಶುರುಮಾಡಲು ಬೇಕಾದ ಕರೆಂಟು ಹೋಗುವುದು ಆ ಪುಟ್ಟ ಬಲ್ಬಿನ ಮೂಲಕವೇ.

ಸ್ವಂತ ಕಾರಿಗೆ 15 ವರ್ಷ ತುಂಬಿದರೆ ನೋಂದಣಿ ನವೀಕರಿಸಬೇಕು, ಆಮೇಲೆ ಐದೈದು ವರ್ಷಕ್ಕೊಮ್ಮೆ. ತಪಾಸಣೆಗೆ ಹೋಗುವ ಮುಂಚೆ ಹೊರಗಿನ ಪೈಂಟಿಗೆ ಸಾವಿರಗಟ್ಟಲೆ ಸುರಿಯುವ ನಾವು ಒಳಗಿನ ಈ ನಾಲ್ಕಾರು ಬಲ್ಬಿಗೆ ಜಿಪುಣತನ ತೋರುವುದು ನ್ಯಾಯವಲ್ಲ. ಗ್ಯಾರೇಜಿನವರೂ ಇದನ್ನು ಕೆಲಸವೇ ಅಲ್ಲವೆಂದು ತಳ್ಳಿಹಾಕಬಾರದು. ಮುಂದಿನ ಮಳೆಗಾಲ ಹಿಡಿಯುವ ಮೊದಲು, ಕತ್ತಲಾದ ಮೇಲೆ ಒಮ್ಮೆ ಅಂಗಳದಲ್ಲೇ ಲೈಟ್ ಹಾಕಿ ನೋಡಿ. ಮುಳ್ಳು ಎಲ್ಲಿದೆಯೆಂದು ಹುಡುಕಬೇಕಾಗಿ ಬಂದರೆ ರಿಪೇರಿ ಮುಂದೂಡಬೇಡಿ.